ಕೂಗುವವಳ ಸುತ್ತ

ಆಸ್ಪತ್ರೆಗೆ ಹೊರಡಬೇಕಾದಾಗ ಆರ್ಡೀಲಿಯ ಮೊದಲು ಮಗಳ ಕಿವಿಗೆ ಮುತ್ತಿನ ಓಲೆ ಹಾಕುತ್ತಿದ್ದಳು. ಆಮೇಲೆ ಕೂದಲು ಬಾಚುತ್ತಿದ್ದಳು. ಆಮೇಲೆ ಇಸ್ತ್ರಿ ಮಾಡಿದ ನೀಲಿ ಉಡುಪು, ಕಾಲಿಗೆ ಚರ್ಚಿನ ಬೂಟು, ತುಟಿಗೆ ತೆಳ್ಳಗೆ ಬಣ್ಣ. ನೋವು ತಡೆಯಲಾರದೆ ಜೊನೆಲ್ ಹಾಸಿಗೆಯ ಮೇಲೆ ಹೊರಳಾಡುತ್ತಿದ್ದರೂ ಇದಿಷ್ಟು ಆಗಲೇಬೇಕು.

"ಅಮ್ಮಾ, ಯಾರ ಮದುವೆಗೆ ಹೋಗ್ತಿದೀವಿ?" ಜೊನೆಲ್ ಹಲ್ಲು ಕಚ್ಚಿಕೊಂಡೇ ಕೇಳುತ್ತಿದ್ದಳು.

"ಸುಮ್ನಿರು. ಕತ್ತು ಎತ್ತು."

ಓಲೆಯ ತಿರುಪು ಸಣ್ಣದು. ಆರ್ಡೀಲಿಯಳ ಬೆರಳು ಸಣ್ಣ ಕೆಲಸಕ್ಕೆ ಬಾರದ ಬೆರಳು. ಊರಾಚೆಯ ಕೋಳಿ ಕಾರ್ಖಾನೆಯಲ್ಲಿ ಅವಳದು ಮೂಳೆ ಬಿಡಿಸುವ ಸಾಲು. ಪಟ್ಟಿಯ ಮೇಲೆ ಕೋಳಿ ಬರುತ್ತದೆ, ಚಾಕು ಇಳಿಸಬೇಕು, ತಿರುಗಿಸಬೇಕು, ಎಳೆಯಬೇಕು, ಅಷ್ಟರಲ್ಲಿ ಇನ್ನೊಂದು ಕೋಳಿ. ಮಂಜುಗಡ್ಡೆಯ ಚಳಿ. ಬೆಳಿಗ್ಗೆ ಎದ್ದಾಗ ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಮಡಿಸಿಕೊಂಡಿರುತ್ತವೆ. ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಅಂಥ ಬೆರಳಲ್ಲಿ ಓಲೆಯ ತಿರುಪು ಹಾಕುವುದೆಂದರೆ ಬೆವರು ಕಿತ್ತು ಬರುತ್ತಿತ್ತು. ಆದರೂ ಬಿಡುತ್ತಿರಲಿಲ್ಲ.

ಕಾರಣವಿತ್ತು. ಜೊನೆಲ್ ಇನ್ನೂ ಕೂಸಾಗಿದ್ದಾಗ ಒಮ್ಮೆ ಆರ್ಡೀಲಿಯ ಕಾರ್ಖಾನೆಯಿಂದ ನೇರವಾಗಿ ಆಸ್ಪತ್ರೆಗೆ ಓಡಿದ್ದಳು. ರಬ್ಬರಿನ ಬೂಟು, ಮುಂದೆ ಕಟ್ಟಿದ ಏಪ್ರನ್, ಮೈಯೆಲ್ಲ ಕೋಳಿಯ ವಾಸನೆ. ಮೇಜಿನ ಹಿಂದಿದ್ದವಳು ಕುರ್ಚಿಯನ್ನು ಹಿಂದಕ್ಕೆ ಜರುಗಿಸಿಕೊಂಡಳು. ಡಾಕ್ಟರು, "ಮನೇಲಿ ಈ ಮಗೂನ ನೋಡ್ಕೊಳ್ಳೋ ಜವಾಬ್ದಾರಿ ಇರೋರು ಯಾರಾದ್ರೂ ಇದಾರಾ?" ಎಂದು ಕೇಳಿದರು. ಅವಳನ್ನೇ ನೋಡುತ್ತ ಕೇಳಿದರು. ಅಂದಿನಿಂದ ಓಲೆ. ಅಂದಿನಿಂದ ಆಸ್ಪತ್ರೆಯಲ್ಲಿ ಅವಳ ಮಾತೂ ಬೇರೆ. ಮನೆಯಲ್ಲಿ, ಚರ್ಚಿನಲ್ಲಿ ಆಡುವ ಮಾತನ್ನು ಕಾರಿನಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. "ದಯವಿಟ್ಟು ಸರ್", "ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಮೇಡಂ".

ಜೊನೆಲ್‌ಗೆ ಹುಟ್ಟಿನಿಂದಲೂ ಸಿಕಲ್ ಸೆಲ್. ದುಂಡಗಿರಬೇಕಾದ ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡ ಕಡೆ ನೋವು. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಒಮ್ಮೆ ಚರ್ಚಿನ ಹುಡುಗಿಯೊಬ್ಬಳು ಹೇಗಿರುತ್ತೆ ಎಂದು ಕೇಳಿದಾಗ ಜೊನೆಲ್ ಹೇಳಿದ್ದಳು: "ಕಾರಿನ ಬಾಗಿಲಿಗೆ ಬೆರಳು ಸಿಕ್ಕಿಸ್ಕೊಂಡಿದೀಯಾ? ಮೈಯೆಲ್ಲಾ ಹಂಗೆ ಸಿಕ್ಕಿಸ್ಕೊ. ಆಮೇಲೆ ಬಾಗ್ಲು ತೆಗೀಬೇಡ."

ನೋವು ಒಂದೇ ಆದರೆ ಹೇಗೋ. ಸುಮ್ಮನೆ ಬಿಟ್ಟರೆ ಅದು ಎದೆಗೆ ಇಳಿಯುತ್ತದೆ. ಉಸಿರು ಕಟ್ಟುತ್ತದೆ. ಆರ್ಡೀಲಿಯಳ ತಮ್ಮ ಕ್ಲೀಟಸ್ ಇದೇ ರೋಗದಲ್ಲಿ, ಇದೇ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಗೋಡೆ ಪಕ್ಕದ ಕುರ್ಚಿಯಲ್ಲಿ ಹೋಗಿಬಿಟ್ಟ. ಕಾಯಿರಿ ಎಂದಿದ್ದರು. ಒಳ್ಳೆಯ ಹುಡುಗ, ಕಾದ.

ಆಸ್ಪತ್ರೆಯವರದು ಯಾವಾಗಲೂ ಒಂದೇ ಪ್ರಶ್ನೆ. ನೋವು ಒಂದರಿಂದ ಹತ್ತರೊಳಗೆ ಎಷ್ಟು? ಹತ್ತು ಅಂದರೆ ನಾಟಕ. ಆರು ಅಂದರೆ ಕಾಯಿರಿ. ತಾಯಿ ಮಗಳು ಅಡುಗೆಮನೆಯಲ್ಲಿ ಕೂತು ವರ್ಷಗಟ್ಟಲೆ ವಾದ ಮಾಡಿ ಕೊನೆಗೆ ಎಂಟಕ್ಕೆ ಒಪ್ಪಂದ ಮಾಡಿಕೊಂಡಿದ್ದರು.

*

ಆ ಭಾನುವಾರ ನೋವು ಚರ್ಚಿನಲ್ಲೇ ಶುರುವಾಯಿತು.

ನ್ಯೂ ಮೌಂಟ್ ನೀಬೊ ಕಪ್ಪು ಜನರ ಚರ್ಚು. ಅಲ್ಲಿ ಭಾನುವಾರವೆಂದರೆ ಭಾನುವಾರ. ಪಾದ್ರಿಯ ಮಾತು ಏರುತ್ತಿದ್ದಂತೆ ಯಾರಾದರೊಬ್ಬರಿಗೆ ಮೈಮೇಲೆ ಬರುತ್ತದೆ. ಎದ್ದು ಕೂಗುತ್ತಾರೆ, ಕುಣಿಯುತ್ತಾರೆ, ಬೀಳುತ್ತಾರೆ. ಅದಕ್ಕೆಂದೇ ಚರ್ಚಿನ ನರ್ಸುಗಳಿದ್ದಾರೆ. ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಕೈಚೀಲ, ಬಿಳಿ ಬೂಟು. ಅವರಲ್ಲಿ ಒಬ್ಬಳಾದರೂ ನಿಜವಾದ ನರ್ಸಲ್ಲ. ಮುಖ್ಯಸ್ಥೆ ವರ್ನೀಸಕ್ಕ ಶಾಲೆಯ ಬಸ್ಸು ಓಡಿಸುವವಳು. ಉಳಿದವರಲ್ಲಿ ಅರ್ಧ ಜನ ಕೋಳಿ ಕಾರ್ಖಾನೆಯವರು. ಅವರ ಹತ್ತಿರ ಇರುವ ಔಷಧವೆಂದರೆ ಪೆಪ್ಪರ್‌ಮಿಂಟು, ಒಂದು ಬೀಸಣಿಗೆ, ಮಡಿಸಿದ ಒಂದು ಬಟ್ಟೆ.

ಆದರೆ ಕೆಲಸ ಮಾತ್ರ ಅಚ್ಚುಕಟ್ಟು. ಯಾರಾದರೂ ಕೂಗಲು ಶುರುಮಾಡಿದರೆ ಸಾಕು, ನರ್ಸುಗಳು ಸುತ್ತ ವರ್ತುಲ ಕಟ್ಟುತ್ತಾರೆ. ಮೊದಲು ಕನ್ನಡಕ ತೆಗೆದುಕೊಳ್ಳುತ್ತಾರೆ. ಆಮೇಲೆ ಓಲೆ, ಟೋಪಿಯ ಪಿನ್ನು, ಕೈಚೀಲ. ಕೂಗುವವಳ ತಲೆ ಬೆಂಚಿಗೆ ಬಡಿಯಬಾರದು, ಲಂಗ ಮೇಲೇರಬಾರದು. ಅಷ್ಟೇ ಅವರ ಜವಾಬ್ದಾರಿ. ಸುಮ್ಮನಿರು ಅನ್ನುವ ಹಾಗಿಲ್ಲ. ಎಷ್ಟು ಹೊತ್ತಾದರೂ ಸರಿ, ಮುಗಿಯುವ ತನಕ ವರ್ತುಲ ಬಿಡುವ ಹಾಗಿಲ್ಲ. ಹ್ಯಾಟಿಯಮ್ಮನಂಥ ಹಣ್ಣು ಮುದುಕಿಯೂ ಪ್ರತಿ ವಾರ ಕೂಗಿ, ಕುಣಿದು, ಕನ್ನಡಕ ವಾಪಸು ತೆಗೆದುಕೊಂಡು ಮನೆಗೆ ಹೋಗಿ ಗಡದ್ದಾಗಿ ಊಟ ಮಾಡುತ್ತಾಳೆ.

ಆರ್ಡೀಲಿಯ ಮಾತ್ರ ಯಾವತ್ತೂ ಕೂಗಿದವಳಲ್ಲ. ಕನ್ನಡಕ ಹಾಕಿಕೊಂಡು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕಂಬದ ಹಾಗೆ ಕೂತಿರುತ್ತಿದ್ದಳು.

"ನಮ್ ಕೈಗೆ ಒಂದಿನ ಆದ್ರೂ ಕೆಲ್ಸ ಕೊಟ್ಟಿದೀಯೇನೆ ನೀನು?" ಎಂದು ವರ್ನೀಸಕ್ಕ ರೇಗಿಸುತ್ತಿದ್ದಳು. "ಒಳಗೇ ಇಟ್ಕೊಂಡ್ ಇಟ್ಕೊಂಡ್ ಒಂದಿನ ಸಿಡೀತೀಯ ನೋಡು. ಆಗ ಗೋಡೆಗೆಲ್ಲ ಬಣ್ಣ ಬಳೀಬೇಕಾಯ್ತದೆ."

"ಸಿಡಿದ್ರೆ ನೀನೇ ಬಳಿಯುವಂತೆ ಬಿಡಕ್ಕ."

ಆ ದಿನ ಹಾಡುವವರ ಸಾಲಿನಲ್ಲಿ ನಿಂತಿದ್ದ ಜೊನೆಲ್ ಮುಂದಿನ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಾಡು ನಿಲ್ಲಿಸಲಿಲ್ಲ. ಆದರೆ ಬಾಯಿ ಮಾತ್ರ ಆಡುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಆರ್ಡೀಲಿಯ ಎದ್ದಳು.

ಹೊರಗೆ ಕಾರಿನ ಹತ್ತಿರ ವರ್ನೀಸಕ್ಕ ಹಿಂದೆಯೇ ಬಂದಳು. "ನಾವೂ ಬತ್ತೀವಿ."

"ಬ್ಯಾಡಕ್ಕಾ."

"ಯಾಕ್ ಬ್ಯಾಡ? ವ್ಯಾನ್ ಐತೆ, ನಾನೇ ಓಡಿಸ್ತೀನಿ."

"ಮನೇಗ್ ಬನ್ನಿ. ಅಲ್ಲಿಗ್ ಬ್ಯಾಡ."

ಜೊನೆಲ್ ಮಲಗಿದಾಗಲೆಲ್ಲ ಚರ್ಚು ಅವಳ ಮನೆಗೆ ಬರುತ್ತಿತ್ತು. ಒಬ್ಬಳು ಬಟ್ಟೆ ಒಗೆದುಹಾಕುತ್ತಿದ್ದಳು, ಒಬ್ಬಳು ಕಾರ್ಖಾನೆಯಲ್ಲಿ ಪಾಳಿ ಬದಲಾಯಿಸಿಕೊಳ್ಳುತ್ತಿದ್ದಳು, ಉಳಿದವರೆಲ್ಲ ಕರಿದ ಕೋಳಿ ತರುತ್ತಿದ್ದರು. ದಿನವಿಡೀ ಕೋಳಿಯ ಮೂಳೆ ಬಿಡಿಸುವ ಹೆಂಗಸಿಗೆ ಕೋಳಿ! "ಕೋಳಿ ಬಿಟ್ರೆ ಬೇರೇನೂ ಬೇಯ್ಸಕ್ ಬರಲ್ವೇನ್ರೇ ನಿಮ್ಗೆ?" ಎಂದು ಆರ್ಡೀಲಿಯ ಗೊಣಗಿದರೆ ಮುಂದಿನ ಸಲ ಬೇಯಿಸಿದ ಕೋಳಿ ಬರುತ್ತಿತ್ತು.

ಮನೆಗೆ ಬಂದರೆ ಸರಿ. ಆಸ್ಪತ್ರೆಗೆ ಬೇಡ. ಹ್ಯಾಟಿಯಮ್ಮನ ದೊಡ್ಡ ಗಂಟಲು, ವರ್ನೀಸಕ್ಕನ ನಗು, ಆ ಟೋಪಿಗಳು. ಅಲ್ಲಿಯವರು ಇವರನ್ನೆಲ್ಲ ಒಮ್ಮೆ ನೋಡಿದರೆ ತಾನು ವರ್ಷಗಟ್ಟಲೆ ತಿದ್ದಿ ತೀಡಿದ್ದೆಲ್ಲ ನೀರುಪಾಲು. ಹಾಗಂದುಕೊಂಡದ್ದು ನಾಚಿಕೆಗೇಡು ಎಂದು ಅವಳಿಗೆ ಗೊತ್ತಿತ್ತು. ಆದರೂ ಹಾಗೇ ಅಂದುಕೊಂಡಳು.

ದಾರಿಯಲ್ಲಿ ಕೆಂಪು ದೀಪ ಬಿತ್ತು. ಜೊನೆಲ್ ಭಾನುವಾರದ ಉಡುಪಿನಲ್ಲೇ ಇದ್ದಳು, ಓಲೆಯೂ ಕಿವಿಯಲ್ಲೇ ಇತ್ತು. ಸದ್ಯ, ಒಂದು ಕೆಲಸ ಉಳಿಯಿತು. ಆರ್ಡೀಲಿಯ ಮಗಳ ಗದ್ದ ಹಿಡಿದು ತುಟಿಗೆ ಬಣ್ಣ ಹಚ್ಚಿದಳು. ಜೊನೆಲ್‌ಳ ತುಟಿ ನಡುಗುತ್ತಿತ್ತು. ಬಣ್ಣ ಅಂಚು ದಾಟಿತು. ಬೆರಳಲ್ಲಿ ಒರೆಸಿ ಸರಿಮಾಡಿದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ.

*

ಮೇಜಿನ ಹಿಂದಿನವಳು ತಲೆಯೆತ್ತಿ ನೋಡಿದಳು. ಉಗುರಿಗೆ ಹೊಸದಾಗಿ ನೇರಳೆ ಬಣ್ಣ ಹಚ್ಚಿಕೊಂಡಿದ್ದಳು.

"ಓ, ಮತ್ತೆ ಬಂದ್ರಾ?"

"ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಮೇಡಂ. ನನ್ನ ಮಗಳಿಗೆ ಸಿಕಲ್ ಸೆಲ್ ನೋವು ಶುರುವಾಗಿದೆ."

"ಒಂದರಿಂದ ಹತ್ತರೊಳಗೆ?"

"ಎಂಟು," ಎಂದಳು ಜೊನೆಲ್.

ಬೆರಳಿಗೆ ಕ್ಲಿಪ್ಪಿನಂಥ ಯಂತ್ರ ಸಿಕ್ಕಿಸಿ ತೆಗೆದು, ಕೂತಿರಿ ಎಂದಳು. ಕೂತರು. ಗೋಡೆ ಪಕ್ಕದ ಕುರ್ಚಿಗಳೇ ಖಾಲಿ ಇದ್ದವು. ಆರ್ಡೀಲಿಯ ಒಂದು ಕುರ್ಚಿ ಬಿಟ್ಟು ಕೂತಳು. ಅದು ಯಾರು ಕೂತಿದ್ದ ಕುರ್ಚಿ ಎಂದು ಮಗಳಿಗೆ ಹೇಳಲಿಲ್ಲ.

ಹೆಬ್ಬೆರಳಿಗೆ ಗಾಳದ ಕೊಕ್ಕೆ ಚುಚ್ಚಿಸಿಕೊಂಡಿದ್ದ ಬಿಳಿಯನೊಬ್ಬ ಇವರ ನಂತರ ಬಂದ. ಮೊದಲು ಒಳಗೆ ಹೋದ. ಹೋಗುವಾಗ, "ನಿಮ್ ಹುಡ್ಗೀನ ಮೊದ್ಲು ಕರೀಬೇಕಿತ್ತಲ್ವಾ?" ಎಂದ. ಒಳ್ಳೆಯವನೇ. ಆದರೆ ನಿಲ್ಲಲಿಲ್ಲ. ಜೇನು ಕಚ್ಚಿಸಿಕೊಂಡವಳು ಬಂದಳು, ಕೂತಳು. ಜೊನೆಲ್ ನೆಟ್ಟಗೆ ಕೂತಿದ್ದಳು, ಮಡಿಲಲ್ಲಿ ಕೈ ಕಟ್ಟಿಕೊಂಡು, ತಾಯಿ ಕಲಿಸಿದ ಹಾಗೆ. ಕುತ್ತಿಗೆಯ ನರ ಮಾತ್ರ ಹಗ್ಗದ ಹಾಗೆ ಎದ್ದು ನಿಂತಿತ್ತು.

ಕೊನೆಗೆ ಡಾಕ್ಟರನೊಬ್ಬ ಕಾಯುವ ಕೋಣೆಗೇ ಬಂದ. ಹೊಸಬ, ಚಿಕ್ಕ ವಯಸ್ಸು, ಮೆತ್ತಗಿನ ಮಾತು.

"ನೋವು ಎಲ್ಲಿ?"

"ಕಾಲು, ಬೆನ್ನು. ಈಗ ಎದೆ ಹತ್ತಿರಾನೂ."

"ಯಾವ ಔಷಧಿ ಕೊಟ್ರೆ ಕಡಿಮೆ ಆಗತ್ತೆ?"

ಜೊನೆಲ್ ಔಷಧಿಯ ಹೆಸರು ಹೇಳಿದಳು, ಅಫೀಮಿನ ಜಾತಿಯದು. ಡಾಕ್ಟರನ ಹುಬ್ಬು ಮೇಲೇರಿತು. ಆರ್ಡೀಲಿಯ ಆ ಹುಬ್ಬನ್ನು ಬಲ್ಲಳು. ಹೆಸರು ಗೊತ್ತಿಲ್ಲ ಅಂದರೆ ದಡ್ಡಿ, ಗೊತ್ತಿದ್ದರೆ ಚಟ.

"ನೋಡಿ," ಎಂದ ಡಾಕ್ಟರ, ಮತ್ತೂ ಮೆತ್ತಗೆ. "ಎಂಟು ಅಂತೀರಿ. ನಾನು ಎಂಟು ನೋಡಿದೀನಿ. ಎಂಟು ಅಂದ್ರೆ ಜನ ನೆಲದ ಮೇಲೆ ಉರುಳಾಡ್ತಾರೆ. ಮುತ್ತಿನ ಓಲೆ ಹಾಕ್ಕೊಂಡು, ಲಿಪ್‌ಸ್ಟಿಕ್ ಹಚ್ಕೊಂಡು ಬಂದು ಕೂತಿರಲ್ಲ."

ಆರ್ಡೀಲಿಯ ಮಗಳ ತುಟಿಯ ಕಡೆ ನೋಡಿದಳು.

"ಒಂದು ಮಾತ್ರೆ ಕೊಡಿಸ್ತೀನಿ. ಮನೆಗೆ ಹೋಗಿ, ಚೆನ್ನಾಗಿ ನೀರು ಕುಡೀರಿ. ಆ ಥರದ ಔಷಧಿ ಕೇಳ್ಕೊಂಡು ಪದೇ ಪದೇ ಬರೋದು ಒಳ್ಳೇದಲ್ಲ."

"ಸರ್, ದಯವಿಟ್ಟು. ಬಣ್ಣ ಹಚ್ಚಿದ್ದು ನಾನು. ಅವಳಲ್ಲ. ಅವಳಿಗೆ ಕೈ ಎತ್ತೋದಕ್ಕೂ..."

ಅವನು ಆಗಲೇ ತಿರುಗಿದ್ದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಓಲೆ ಹಾಕಿದ್ದು ನಾನು. ಕೂದಲು ಬಾಚಿದ್ದು ನಾನು. ಅಳಬೇಡ ಅಂದದ್ದು ನಾನು, ನೆಟ್ಟಗೆ ಕೂರು ಅಂದದ್ದು ನಾನು. ನಂಬಲಿ ಎಂದು ಮಾಡಿದ ಒಂದೊಂದನ್ನೂ ಅವನು ಎತ್ತಿ ತೋರಿಸಿ ಇದಕ್ಕೇ ನಂಬುವುದಿಲ್ಲ ಅಂದ. ಹಾಗಾದರೆ ಏಪ್ರನ್ ಕಟ್ಟಿಕೊಂಡು ಬಂದಿದ್ದಾಗ ಯಾಕೆ ನಂಬಲಿಲ್ಲ?

"ಅಮ್ಮಾ," ಜೊನೆಲ್ ಪಿಸುಗುಟ್ಟಿದಳು. "ಉಸಿರು ಹಿಡೀತಿದೆ."

ಆರ್ಡೀಲಿಯ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು.

"ಮೇಡಂ," ನೇರಳೆ ಉಗುರಿನವಳು ಕರೆದಳು. "ಡಾಕ್ಟರ್ ಹೋಗಿ ಅಂದ್ರಲ್ಲ? ಮಾತ್ರೆ ಇಲ್ಲಿದೆ. ಕುರ್ಚಿ ಬಿಟ್ಕೊಡ್ತೀರಾ? ಬೇರೆಯವರು ಬರ್ತಾರೆ."

ಆರ್ಡೀಲಿಯ ಏಳಲಿಲ್ಲ. ಏಳಬಾರದು ಎಂದು ನಿರ್ಧರಿಸಿದ್ದೂ ಅಲ್ಲ. ಕಾಲು ಏಳಲು ಒಪ್ಪಲಿಲ್ಲ. ಅಷ್ಟು ವರ್ಷ ಹೇಳಿದ್ದೆಲ್ಲ ಕೇಳಿಕೊಂಡು ಬಂದ ಕಾಲು.

ಆಗ ಗಾಜಿನ ಬಾಗಿಲು ತೆರೆಯಿತು.

*

ಬಾಗಿಲಲ್ಲಿದ್ದ ಕಾವಲಿನವನು, ಇವರ ಹಾಗೇ ಕಪ್ಪು ಜನರ ಪೈಕಿಯ ದಢೂತಿ ಆಳು, ಬಿಳಿ ಉಡುಪು ಕಂಡದ್ದೇ ಸರಕ್ಕನೆ ಪಕ್ಕಕ್ಕೆ ಸರಿದ. "ಬನ್ನಿ ಸಿಸ್ಟರ್, ಯಾವ ವಾರ್ಡು?"

"ಕಾಯೋ ವಾರ್ಡು," ಎಂದು ವರ್ನೀಸಕ್ಕ ಗೌನು ಬೀಸಿಕೊಂಡು ಒಳಗೆ ನಡೆದಳು.

ಹಿಂದೆ ಇಡೀ ನರ್ಸುಗಳ ತಂಡ. ಕೊನೆಯಲ್ಲಿ ಹ್ಯಾಟಿಯಮ್ಮ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಡಬ್ಬಿ. ಡಬ್ಬಿಯಲ್ಲಿ ಏನಿದೆ ಎಂದು ವಾಸನೆಯೇ ಹೇಳುತ್ತಿತ್ತು. ಕೋಳಿ.

"ಬ್ಯಾಡ ಅಂದಿದ್ನಲ್ಲಕ್ಕ," ಎಂದಳು ಆರ್ಡೀಲಿಯ.

"ಕೇಳಿಸ್ಲಿಲ್ಲ ಕಣೆ. ಬಸ್ ಓಡಿಸಿ ಓಡಿಸಿ ಕಿವಿ ಮಂದ."

ಕಾಯುವ ಕೋಣೆಗೆ ಕ್ಷಣದಲ್ಲಿ ಕಳೆ ಬಂತು. ಜೇನು ಕಚ್ಚಿದ ಹೆಂಗಸು ಇವರನ್ನು ಆಸ್ಪತ್ರೆಯವರೆಂದೇ ತಿಳಿದು, "ಸಿಸ್ಟರ್, ಒಂದು ಹೊದಿಕೆ ಸಿಗತ್ತಾ?" ಎಂದಳು. ಹ್ಯಾಟಿಯಮ್ಮ ತನ್ನ ಶಾಲು ತೆಗೆದು ಹೊದಿಸಿ, ಬಾಯಿಗೊಂದು ಪೆಪ್ಪರ್‌ಮಿಂಟು ಇಟ್ಟು, ಬೀಸಣಿಗೆಯಲ್ಲಿ ಗಾಳಿ ಹಾಕತೊಡಗಿದಳು. ಚರ್ಚಿನ ಬೀಸಣಿಗೆಗಳನ್ನು ಪುಕ್ಕಟೆ ಕೊಡುವವರು ಊರಿನ ಶವಪೆಟ್ಟಿಗೆಯ ಅಂಗಡಿಯವರು. ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಅವರ ಜಾಹೀರಾತು: "ನಿಮ್ಮ ಕೊನೆಯ ಪಯಣಕ್ಕೆ ನಾವಿದ್ದೇವೆ." ಹೆಂಗಸು ಅದನ್ನು ಓದಿದಳು, ಹ್ಯಾಟಿಯಮ್ಮನ ಮುಖ ನೋಡಿದಳು.

"ಹೆದ್ರಬ್ಯಾಡವ್ವ. ಗಾಳಿ ಮಾತ್ರ ಅವರ್ದು," ಎಂದಳು ಹ್ಯಾಟಿಯಮ್ಮ.

ವರ್ನೀಸಕ್ಕ ಜೊನೆಲ್‌ಳ ಮುಂದೆ ಮಂಡಿಯೂರಿ ಕೂತಳು. ನಗು ಹೋಯಿತು. "ಯಾಕ್ ಮಗಾ ಹಿಂಗ್ ಬಿಗಿಹಿಡ್ಕೊಂಡಿದೀಯ?"

"ಕೂಗಿದ್ರೆ ಹೊರಗ್ ಹಾಕ್ತಾರೆ ಅತ್ತೆ," ಎಂದಳು ಜೊನೆಲ್, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ಕೂಗದಿದ್ರೆ... ನೋವಿಲ್ಲ ಅಂತಾರೆ."

ವರ್ನೀಸಕ್ಕ ಎದ್ದಳು. ಕೈಚೀಲವನ್ನು ಮೊಣಕೈವರೆಗೂ ಎಳೆದುಕೊಂಡಳು. ಗದ್ದದಲ್ಲೇ ಸನ್ನೆ ಮಾಡಿದಳು. ಬಿಳಿ ಬೂಟುಗಳು ಸರಸರ ಸರಿದವು. ಕುರ್ಚಿಗಳು ಹಿಂದೆ ಹೋದವು. ಒಬ್ಬಳ ಪಕ್ಕ ಒಬ್ಬಳು, ಬೆನ್ನು ಕೋಣೆಗೆ, ಮುಖ ಜೊನೆಲ್‌ಗೆ. ಭಾನುವಾರದ ವರ್ತುಲ. ವರ್ನೀಸಕ್ಕನ ಕೈ ರೂಢಿಯಂತೆ ಮೊದಲು ಓಲೆಯ ಕಡೆ ಹೋಯಿತು.

"ತಡಿ," ಎಂದಳು ಆರ್ಡೀಲಿಯ. "ಹಾಕಿದ್ದು ನಾನು. ನಾನೇ ತೆಗೀತೀನಿ."

ಆ ದರಿದ್ರ ಬೆರಳಲ್ಲಿ ತಿರುಪು ಬಿಚ್ಚಿದಳು. ಒಂದು ಕಿವಿ. ಇನ್ನೊಂದು ಕಿವಿ. ಓಲೆಗಳನ್ನು ಕೋಟಿನ ಜೇಬಿಗೆ ಹಾಕಿದಳು. ಕರವಸ್ತ್ರ ತೆಗೆದು ಮಗಳ ತುಟಿಯ ಬಣ್ಣವನ್ನು ಒರೆಸಿದಳು, ಕಾರ್ಖಾನೆಯಲ್ಲಿ ಮೇಜು ಒರೆಸುವ ಹಾಗೆ, ಗಟ್ಟಿಯಾಗಿ, ಏನೂ ಉಳಿಯದ ಹಾಗೆ. ಆಮೇಲೆ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಾರಿನಲ್ಲಿ ಬಿಟ್ಟು ಬಂದಿದ್ದ ಮಾತಿನಲ್ಲಿ ಹೇಳಿದಳು:

"ಕೂಗು ಮಗಳೆ."

ಜೊನೆಲ್ ನಂಬಲಿಲ್ಲ. ತಾಯಿಯ ಕಣ್ಣನ್ನೇ ನೋಡಿದಳು.

"ಕೂಗೇ! ಎಷ್ಟೈತೋ ಅಷ್ಟೂ ಕೂಗು. ನಾವ್ ಹಿಡ್ಕಂಡಿದೀವಿ."

ಜೊನೆಲ್ ಕೂಗಿದಳು.

ಮೊದಲನೆಯದು ಸಣ್ಣದು, ದಾರಿ ಹುಡುಕಿಕೊಂಡು ಬಂದ ಹಾಗಿತ್ತು. ಎರಡನೆಯದಕ್ಕೆ ದಾರಿ ಗೊತ್ತಿತ್ತು. ಮೇಜಿನ ಮೇಲಿನ ಪೆನ್ನು ಉರುಳಿತು. ಟೀವಿಯ ಅಡುಗೆ ಕಾರ್ಯಕ್ರಮ ಯಾರಿಗೂ ಕೇಳಿಸದಾಯಿತು. ಒಳಗೆ ಎಲ್ಲೋ ಯಾರೋ ತಟ್ಟೆ ಬೀಳಿಸಿದರು. ಬಾಲ್ಯದಿಂದ ನುಂಗಿದ ಕೂಗು, ಎಂಟು ಎಂದು ಹೇಳಿ ಹೇಳಿ ಒಳಗೆ ಒತ್ತಿಟ್ಟ ಕೂಗು, ಎಲ್ಲವೂ ಒಟ್ಟಿಗೆ ಹೊರಬಿತ್ತು. ಅವಳು ಕುರ್ಚಿಯಿಂದ ಜಾರಿದಳು. ಬಿಳಿ ಕೈಗಳು ಹಿಡಿದುಕೊಂಡವು. ಒಬ್ಬಳು ತಲೆಗೆ ಕೈ ಕೊಟ್ಟಳು, ಒಬ್ಬಳು ಕಾಲಿನ ಮೇಲೆ ಬಟ್ಟೆ ಹಾಸಿದಳು, ಒಬ್ಬಳು ಬೀಸಿದಳು.

"ಹೂಂ ಮಗಾ! ಹೇಳು!" ಎಂದು ಹ್ಯಾಟಿಯಮ್ಮ ಊರುಗೋಲು ಕುಟ್ಟಿದಳು.

"ಏನ್ರೀ ಇದು!" ನೇರಳೆ ಉಗುರಿನವಳು ಓಡಿಬಂದಳು. "ಇದು ಆಸ್ಪತ್ರೆ! ಅವಳನ್ನ ಸುಮ್ನಿರ್ಸಿ!"

"ಸುಮ್ನಿರ್ಸೋದು ನಮ್ ಕೆಲ್ಸ ಅಲ್ಲ ತಾಯಿ," ಎಂದಳು ವರ್ನೀಸಕ್ಕ, ತಿರುಗಿಯೂ ನೋಡದೆ. "ಅದಕ್ಕೆ ಔಷಧಿ ನಿಮ್ ಹತ್ರ ಐತೆ."

"ಗಾರ್ಡ್! ಇವರನ್ನೆಲ್ಲ ಹೊರಗೆ ಕಳ್ಸಿ!"

ಕಾವಲಿನವನು ಬಂದ. ವರ್ತುಲ ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ಆಗಲ್ಲ ಮೇಡಂ. ಕೂಗ್ತಿರೋವಾಗ ವರ್ತುಲಕ್ಕೆ ಕೈ ಹಾಕಬಾರ್ದು. ನಮ್ಮಜ್ಜಿಗ್ ಗೊತ್ತಾದ್ರೆ ಚರ್ಮ ಸುಲೀತಾಳೆ."

ಡಾಕ್ಟರ ಬಾಗಿಲು ತಳ್ಳಿಕೊಂಡು ಬಂದ. ಮೆತ್ತಗಿನ ಮಾತು ಎಲ್ಲೋ ಬಿದ್ದುಹೋಗಿತ್ತು. "ಈ ರೀತಿ ಗಲಾಟೆ ಮಾಡಿದ್ರೆ ಪೊಲೀಸರನ್ನ ಕರೀಬೇಕಾಗತ್ತೆ!"

ಆರ್ಡೀಲಿಯ ಅವನೆದುರು ನಿಂತಳು. ಅವನ ಭುಜದವರೆಗೂ ಬರುತ್ತಿರಲಿಲ್ಲ. ದಯವಿಟ್ಟು ಸರ್ ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಅಲ್ಲೇ ನುಂಗಿದಳು.

"ಕರಿ," ಎಂದಳು. "ಯಾರ್ ಬೇಕಾದ್ರೂ ಕರಿ. ಆದ್ರೆ ಮೊದ್ಲು ನನ್ ಮಗಳ್ನ ಮುಟ್ಟು. ಇಷ್ಟೊತ್ತು ಓಲೆ ನೋಡ್ದೆ, ತುಟಿ ನೋಡ್ದೆ, ಅವಳ್ ಮೈ ಮುಟ್ಲಿಲ್ಲ ನೀನು. ಉರುಳಾಡ್ತಾರೆ ಅಂದೆ. ನೋಡು, ಉರುಳಾಡ್ತಾವ್ಳೆ. ನನ್ ತಮ್ಮ ಉರುಳಾಡ್ಲಿಲ್ಲ. ಆ ಕುರ್ಚೀಲಿ, ಅಕೋ, ಅದ್ರಲ್ಲಿ ಕೂತ್ಕಂಡು ಕಾಯ್ತಾ ಕಾಯ್ತಾ ಸತ್ತ. ಸತ್ತಿದ್ದು ಯಾರ್ಗೂ ಗೊತ್ತೇ ಆಗ್ಲಿಲ್ಲ, ಅಷ್ಟು ಮರ್ಯಾದಸ್ಥ. ನಾವ್ ಮರ್ಯಾದೆ ಬಿಟ್ಟಾಯ್ತು. ಮುಟ್ಟು ಅವಳ್ನ."

ಜೇನು ಕಚ್ಚಿದ ಹೆಂಗಸು ಶಾಲಿನೊಳಗಿಂದಲೇ, "ಮುಟ್ಟಿ ನೋಡೋಕೇನ್ರೀ ಕಷ್ಟ?" ಎಂದಳು.

ಅವನು ಬಗ್ಗಿದ. ವರ್ತುಲ ಅವನಿಗೊಬ್ಬನಿಗೆ ಬಾಗಿಲು ತೆರೆಯಿತು, ಮತ್ತೆ ಮುಚ್ಚಿಕೊಂಡಿತು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದ. ಎದೆಗೆ ಕೊಳವೆ ಒತ್ತಿ ಕೇಳಿದ. ಮತ್ತೆ ಕೇಳಿದ. ಮುಖ ಬಿಳುಚಿಕೊಂಡಿತು.

"ಸ್ಟ್ರೆಚರ್!" ಎಂದು ಅವನೂ ಕೂಗಿದ.

"ಹಂಗೆ," ಎಂದಳು ಹ್ಯಾಟಿಯಮ್ಮ. "ಇನ್ನೂ ಸ್ವಲ್ಪ ಗಟ್ಟಿಯಾಗಿ ಕಂದ."

*

ಜೊತೆಗೆ ಒಬ್ಬರೇ ಒಳಗೆ ಬರಬಹುದು ಎಂದರು. ಮುಗಿಯುವ ತನಕ ವರ್ತುಲ ಬಿಡುವ ಹಾಗಿಲ್ಲ ಎಂದಳು ವರ್ನೀಸಕ್ಕ. ವಾದ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಗಾಲಿಮಂಚದ ಎರಡೂ ಕಡೆ ಬಿಳಿ ಉಡುಪುಗಳು ನಡೆದವು, ದಿಬ್ಬಣದ ಹಾಗೆ. ಕಾರಿಡಾರಿನಲ್ಲಿ ಎದುರಾದ ನಿಜವಾದ ನರ್ಸೊಬ್ಬಳು ಇವರಿಗೆ ನಮಸ್ಕರಿಸಿ ದಾರಿ ಬಿಟ್ಟಳು.

ಆಮ್ಲಜನಕ ಹಾಕಿದರು. ಸೂಜಿ ಚುಚ್ಚಿದರು. ಜೊನೆಲ್ ಹೆಸರು ಹೇಳಿದ್ದಳಲ್ಲ, ಅದೇ ಔಷಧಿ ಕೊಳವೆಯಲ್ಲಿ ಇಳಿಯಿತು. ಕೂಗು ಅಳುವಾಯಿತು, ಅಳು ನರಳಾಟವಾಯಿತು, ನರಳಾಟ ನಿದ್ದೆಯಾಯಿತು. ಆಗಲೇ ವರ್ನೀಸಕ್ಕ ಮೊಣಕೈಯಿಂದ ಕೈಚೀಲ ತೆಗೆದದ್ದು, ವರ್ತುಲ ಬಿಟ್ಟದ್ದು.

ಸಂಜೆಯ ಪಾಳಿಗೆ ಬಂದ ಹಿರಿಯ ಡಾಕ್ಟರು ಕಾಗದ ತಿರುವಿ, "ಎದೆಗೆ ಇಳಿಯೋದ್ರಲ್ಲಿತ್ತು. ಪುಣ್ಯ, ಹೊತ್ತಿಗೆ ಸರಿಯಾಗಿ ಕರ್ಕೊಂಡು ಬಂದ್ರಿ," ಎಂದರು.

"ಕರ್ಕೊಂಡು ಬಂದಿದ್ದು ಹೊತ್ತಿಗ್ ಸರಿಯಾಗೇ," ಎಂದಳು ಆರ್ಡೀಲಿಯ. "ನೋಡಿದ್ದು ತಡವಾಗಿ."

ಹಿರಿಯರು ಕಾಗದ ಮಡಿಚಿಕೊಂಡು ಹೊರಟರು. ತಪ್ಪಾಯಿತು ಎಂಬ ಮಾತು ಆ ಕಟ್ಟಡದಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕಿರಿಯ ಡಾಕ್ಟರ ಮಾತ್ರ ಒಮ್ಮೆ ಬಾಗಿಲವರೆಗೆ ಬಂದು, ವರ್ನೀಸಕ್ಕನನ್ನು ಕಂಡು, ಹಾಗೇ ಹೊರಟುಹೋದ.

"ನಂಬಿದ್ನೇನಕ್ಕ ಅವನು?" ಆರ್ಡೀಲಿಯ ಕೇಳಿದಳು.

"ನಂಬ್ಲಿಲ್ಲ ಕಣೆ. ಹೆದ್ರುಕೊಂಡ."

"ಹೆದ್ರುಕೊಂಡ್ರೆ ಇವತ್ತಿಗಾಯ್ತು. ನಾಳೆಗೆ?"

ವರ್ನೀಸಕ್ಕ ಡಬ್ಬಿ ಮುಂದಿಟ್ಟಳು. "ನಾಳೆಗ್ ನಾಳೆ. ಈಗ ತಿನ್ನು."

"ಕೋಳಿ."

"ಕೋಳೀನೇ. ನೀನೇ ಮೂಳೆ ಬಿಡ್ಸಿದ್ದಿರ್ಬೇಕು, ನೋಡು, ಎಷ್ಟ್ ನೀಟಾಗೈತೆ."

ಆರ್ಡೀಲಿಯ ನಗಲು ಬಾಯಿ ತೆರೆದಳು, ನಗು ಬೇರೇನೋ ಆಗಿಬಿಡುತ್ತದೆ ಅನ್ನಿಸಿ ಮುಚ್ಚಿದಳು. ಒಂದು ತುಂಡು ಕೋಳಿ ತಿಂದಳು. ಚೆನ್ನಾಗಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

*

ಚಳಿ ಶುರುವಾದ ಮೇಲೆ ನೋವು ಮತ್ತೆ ಬಂತು. ಅದು ಬರುವಂಥದೇ.

ಜೊನೆಲ್ ಹಾಸಿಗೆಯ ಮೇಲೆ ಎದ್ದು ಕೂತು ರೂಢಿಯಂತೆ ಕತ್ತು ಎತ್ತಿದಳು. ಆರ್ಡೀಲಿಯ ಆಗತಾನೆ ಪಾಳಿ ಮುಗಿಸಿ ಬಂದಿದ್ದಳು. ಮೈಯಲ್ಲಿ ಕೋಳಿಯ ವಾಸನೆ, ಕಾಲಲ್ಲಿ ರಬ್ಬರಿನ ಬೂಟು. ಓಲೆಗಳು ಅಂದಿನಿಂದ ಅಡುಗೆಮನೆಯ ಕಿಟಕಿಯ ಮೇಲೆ, ಉಪ್ಪಿನ ಬಟ್ಟಲ ಪಕ್ಕ ಬಿದ್ದಿದ್ದವು.

"ಅಮ್ಮಾ, ಓಲೆ?"

"ಯಾರ್ ಮದ್ವೆ?" ಎಂದಳು ಆರ್ಡೀಲಿಯ. ರಾತ್ರಿ ಹಾಕಿಕೊಳ್ಳುವ ಅಂಗಿಯ ಮೇಲೇ ಮಗಳಿಗೆ ಕಂಬಳಿ ಸುತ್ತಿದಳು. ವರ್ನೀಸಕ್ಕನಿಗೆ ಫೋನು ಮಾಡಿದಳು. ಬ್ಯಾಡ ಅನ್ನಲಿಲ್ಲ, ಬಾ ಎಂದಳು. ಆ ಕಡೆಯಿಂದ ಇಸ್ತ್ರಿ ಪೆಟ್ಟಿಗೆ ಕುಕ್ಕಿದ ಸದ್ದು ಕೇಳಿಸಿತು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಟೋಪಿ ಮುಟ್ಟಿದ. ಮೇಜಿನ ಹಿಂದೆ ಅವಳೇ ಇದ್ದಳು. ಉಗುರು ಈಗ ಕಿತ್ತಳೆ ಬಣ್ಣ. ಕಂಬಳಿಯೊಳಗಿದ್ದ ಜೊನೆಲ್‌ಳನ್ನು ನೋಡಿದಳು. ರಬ್ಬರಿನ ಬೂಟು ನೋಡಿದಳು. ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಜರುಗಿಸಿಕೊಂಡಳು.

"ಒಂದರಿಂದ ಹತ್ತರೊಳಗೆ?"

"ಹತ್ತು," ಎಂದಳು ಜೊನೆಲ್.

"ಕೂತಿರಿ. ಕರೀತೀವಿ."

ಆರ್ಡೀಲಿಯ ಗೋಡೆ ಪಕ್ಕದ ಕುರ್ಚಿಗಳ ಕಡೆ ನೋಡಿದಳು. ಆ ಕುರ್ಚಿಯೂ ಅಲ್ಲೇ ಇತ್ತು. ಹಿಂದೆ ಗಾಜಿನ ಬಾಗಿಲು ತೆರೆದ ಸದ್ದಾಯಿತು. ಬಿಳಿ ಬೂಟುಗಳು ನೆಲದ ಮೇಲೆ ಕೀಚುಗುಟ್ಟುತ್ತ ಹತ್ತಿರ ಬಂದು ಅವಳ ಹಿಂದೆ ನಿಂತವು.

"ಏನಂತೆ?" ವರ್ನೀಸಕ್ಕ ಕೇಳಿದಳು.

"ಕಾಯ್ಬೇಕಂತೆ."

"ಜೊನೆಲ್ ಮಗಾ, ಕೂಗ್ತೀಯಾ?"

"ಅವಳ್ಗೆ ಉಸಿರು ಉಳೀಲಿ ಬಿಡಕ್ಕ," ಎಂದಳು ಆರ್ಡೀಲಿಯ.

ತನ್ನ ಕೈಚೀಲವನ್ನು ಹ್ಯಾಟಿಯಮ್ಮನ ತೋಳಿಗೆ ಹಾಕಿದಳು. ಆಮೇಲೆ, ಮಡಿಸಿಕೊಂಡೇ ಇದ್ದ ಬೆರಳುಗಳಲ್ಲಿ, ತನ್ನ ಕನ್ನಡಕ ತೆಗೆದು ವರ್ನೀಸಕ್ಕನ ಕೈಗೆ ಕೊಟ್ಟಳು.